ಹನ್ನೆರಡು ಅಂಕಿಯ ಮನೆ

ಎಪ್ಪತ್ತರ ದಶಕದಲ್ಲಿ ನಾನು ಕುರುಗೋಡಿನ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಲೆಕ್ಕ ಬಲ್ಲವನಿಗೆ ಈ ಲೋಕದಲ್ಲಿ ಬಗೆಹರಿಯದ ಸಮಸ್ಯೆಯೇ ಇಲ್ಲ ಎಂದು ಆಗ ನಂಬಿದ್ದೆ.

ನಮ್ಮ ಓಣಿಯ ಸಮಸ್ಯೆ ಮನೆ ನಂಬರಿನದು. ಯಾವ ಕಾಲದಲ್ಲೋ ಹಿರಿಯರು ಒಂದರಿಂದ ಐವತ್ತರವರೆಗೆ ನಂಬರು ಹಾಕಿ, ಇಷ್ಟು ಸಾಕು ಎಂದು ಕೈತೊಳೆದುಕೊಂಡಿದ್ದರು. ಜನ ಸಾಕು ಎನ್ನಲಿಲ್ಲ. ಅಣ್ಣತಮ್ಮಂದಿರು ಪಾಲಾದರು, ನಡುವೆ ಗೋಡೆ ಎದ್ದವು, ನಂಬರು ಖಾಲಿಯಾದವು! ನಮ್ಮದು ಹದಿನೇಳು. ಪಕ್ಕದ್ದು ಹದಿನೇಳು ಬೈ ಒಂದು. ಅದರ ಹಿಂದಿನದು ಹದಿನೇಳು ಬೈ ಒಂದು ಎ. ಅವರ ದನದ ಕೊಟ್ಟಿಗೆಯೂ ಹದಿನೇಳೇ! ನನಗೆ ಬಂದ ಪತ್ರವನ್ನು ಐದು ಮನೆಯವರು ಓದಿ, ಚರ್ಚಿಸಿ, ಒಂದು ತೀರ್ಮಾನಕ್ಕೆ ಬಂದ ಮೇಲೆ ನನಗೆ ಕೊಡುತ್ತಿದ್ದರು.

ಒಂದು ಸಂಜೆ ಕಟ್ಟೆಯ ಮೇಲೆ ಹಿರಿಯರೆದುರು ಹೊಸ ಪದ್ಧತಿಯನ್ನು ಮಂಡಿಸಿದೆ. ಮನೆಗೆ ಹನ್ನೆರಡು ಅಂಕಿ! ಮೊದಲ ಮೂರು ಓಣಿಗೆ, ಮುಂದಿನದು ಎಡವೋ ಬಲವೋ, ಆಮೇಲೆ ಮನೆ, ಪಾಲು, ಬಾಗಿಲಿನ ದಿಕ್ಕು, ಕೊನೆಗೆ ಮಹಡಿ.

“ಮಹಡಿ ಯಾರ ಮನಿಗೈತಿ ಮೇಷ್ಟ್ರ?” ಎಂದ ಪಕ್ಕದ ಮನೆಯ ಪಂಪಣ್ಣ.

“ಮುಂದ ಬರತೈತಲ್ಲಪ್ಪ! ಗುಬ್ಬಿಗೂಡಿಗೆಲ್ಲ ನಂಬರ್ ಕೊಟ್ರೂ ಸಾವಿರ ವರ್ಷ ಖಾಲಿ ಆಗಂಗಿಲ್ಲ!”

ಗುಬ್ಬಿಗಳು ಆಕ್ಷೇಪಿಸಲಿಲ್ಲ. ಠರಾವು ಪಾಸಾಯಿತು.

ಬಣ್ಣದ ಡಬ್ಬಿ ಹಿಡಿದು ನಾನೇ ಬರೆದೆ. ನಮ್ಮ ಬಾಗಿಲ ಪಕ್ಕ ಆರಂಭವಾದ ನಂಬರು ಕಿಟಕಿ ದಾಟಿತು, ಗೋಡೆಯೇ ಮುಗಿಯಿತು, ಕೊನೆಯ ನಾಲ್ಕು ಅಂಕಿ ಪಂಪಣ್ಣನ ಗೋಡೆಗೆ ಹೋದವು. “ನಮ್ಮ ಗ್ವಾಡಿ ಮ್ಯಾಲಿಂದು ನಮ್ದ” ಎಂದು ಅವನು ಆ ನಾಲ್ಕನ್ನು ವಶಪಡಿಸಿಕೊಂಡ.

ನನ್ನ ಹೆಂಡತಿ ಶಾಂತಾ ಹೊರಗೆ ಬಂದು ನೋಡಿದಳು. “ಇದೇನ್ರಿ, ಮನಿಗೆ ಜಾತಕ ಬರದೀರೇನು?”

ಪೋಸ್ಟ್‌ಮ್ಯಾನ್ ಹುಸೇನಸಾಬರಿಗೆ ಕಟ್ಟಪ್ಪಣೆ ಮಾಡಿದೆ. “ಹೆಸರು ನೋಡಬ್ಯಾಡ್ರಿ. ಹನ್ನೆರಡೂ ಅಂಕಿ ಇದ್ರ ಕೊಡ್ರಿ. ಒಂದು ಕಡಿಮಿ ಇದ್ರೂ ವಾಪಸ್! ನನ್ನ ಪತ್ರ ಆದ್ರೂ ವಾಪಸ್!”

“ಜೀ ಮೇಷ್ಟ್ರ,” ಎಂದರು.

ನಮ್ಮ ಶಾಲೆಯ ಆಡಳಿತ ಮಂಡಳಿಗೆ ಸಿರುಗುಪ್ಪದಲ್ಲೂ ಒಂದು ಶಾಲೆಯಿತ್ತು. ಅಲ್ಲಿಯ ಹೆಡ್‌ಮಾಸ್ತರ ಕುರ್ಚಿಗಾಗಿ ಎರಡು ವರ್ಷದಿಂದ ಜಪ ಮಾಡುತ್ತಿದ್ದೆ. ಮಂಡಳಿಯ ಬಳ್ಳಾರಿ ಕಚೇರಿಗೆ ಹೊಸ ವಿಳಾಸವನ್ನು ಹೆಮ್ಮೆಯಿಂದ ಕಳಿಸಿ, ಆರ್ಡರಿಗಾಗಿ ಒಂದು ತಿಂಗಳು ಕಾದೆ. ಬರಲಿಲ್ಲ. ಒಂದು ದಿನ ನಮ್ಮ ಮನೆಯ ಕಟ್ಟೆಯ ಮೇಲೆ ಚಾ ಕುಡಿಯುತ್ತಾ ಹುಸೇನಸಾಬರ ಮುಂದೆ ದುಃಖ ತೋಡಿಕೊಂಡೆ.

“ಆರ್ಡರ್ರಾ? ಬಂದಿತ್ತಲ್ರಿ!” ಎಂದರು ಅವರು. “ಲಕೋಟಿ ಮ್ಯಾಲೆ ನಿಮ್ಮ ಹೆಸರು ದುಂಡಗ ಬರದಿತ್ತು. ಅಂಕಿ ಮೂರ ಇದ್ವು. ವಾಪಸ್ ಮಾಡೀನಿ.”

“ಅಲ್ರೀ, ನಾ ಇಲ್ಲೇ ಇದ್ದೆನಲ್ಲ!”

“ಇದ್ರಿ. ಇದ ಕಟ್ಟಿ ಮ್ಯಾಲೆ ಕುಂತು ಹಲ್ಲು ತಿಕ್ಕಾಕತ್ತಿದ್ರಿ. ಹೆಸರ ನೋಡಬ್ಯಾಡ ಅಂದವ್ರು ನೀವು. ಮಾರಿ ನೋಡಂತ ಹೇಳಿದ್ರೇನು?”

ಮುಂದಿನ ಬಸ್ಸಿಗೆ ಬಳ್ಳಾರಿಗೆ ಓಡಿದೆ.

“ನಮ್ಮ ಫಾರಮಿನಾಗ ಮನಿ ನಂಬರಿಗೆ ಮೂರ ಖಾನಿ ಅದಾವು,” ಎಂದರು ಕಚೇರಿಯ ಗುಮಾಸ್ತರು. “ಉಳಿದ ಒಂಬತ್ತು ಎಲ್ಲಿ ಬರೀಬೇಕಿತ್ರಿ? ಟೇಬಲ್ ಮ್ಯಾಲೇನು?”

ಲಕೋಟೆ ವಾಪಸಾದ ಕಾರಣ ಕುರ್ಚಿ ಸಿರಿಗೇರಿಯ ಇನ್ನೊಬ್ಬ ಮೇಷ್ಟ್ರಿಗೆ ಹೋಗಿತ್ತು. ಅವರ ವಿಳಾಸ: ಬೇವಿನ ಗಿಡದ ಎದುರು ಮನೆ. ಆರ್ಡರು ಮರುದಿನವೇ ತಲುಪಿತ್ತಂತೆ!

ನನ್ನ ಮುಖ ನೋಡಿ ಗುಮಾಸ್ತರಿಗೆ ಕರುಣೆ ಬಂತು. ಒಂದು ಬಿಳಿ ಹಾಳೆ ತೆಗೆದರು. “ಮುಂದಿನ ಸಲಕ್ಕ ಹೆಸರು ಹಚ್ಚತೀನಿ. ಪೂರಾ ನಂಬರ್ ಹೇಳ್ರಿ, ನಾನ ಬರಕೋತೀನಿ.”

ಶುರು ಮಾಡಿದೆ. ಎಂಟು ಅಂಕಿ ಸರಾಗವಾಗಿ ಬಂದವು. ಒಂಬತ್ತನೆಯದು ಐದೋ? ಮೂರೋ? ಬೆರಳು ಮಡಚಿದೆ. ಮತ್ತೆ ಮೊದಲಿನಿಂದ ಹೇಳಿದೆ. ಈ ಸಲ ಆರಕ್ಕೇ ನಿಂತೆ! ನನ್ನ ಹಿಂದೆ ನಿಂತಿದ್ದವರು ಕೆಮ್ಮತೊಡಗಿದರು.

ಗುಮಾಸ್ತರು ಪೆನ್ನು ಕೆಳಗಿಟ್ಟು, ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.

“ಮೇಷ್ಟ್ರ, ನೀವು ಸಾಲ್ಯಾಗ ಏನು ಕಲಸ್ತೀರಿ?”

“ಡ್ರಿಲ್ ರೀ,” ಎಂದೆ.