ಕಾಮಿನಿ ಗಿಡವೂ ನಿರಪರಾಧಿ ಕಾಗೆಯೂ

ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಕೆಲವರಿಗೆ ಬುದ್ಧಿ ಕೊಡುತ್ತಾನೆ. ನನಗೆ ಊರವರೆಲ್ಲರ ಕಂಠ ಕೊಟ್ಟು, ಬುದ್ಧಿಯ ವಿಷಯ ಮರೆತುಬಿಟ್ಟ. ಎರ್ನಾಕುಲಂನ ನಮ್ಮ ಬ್ಯಾಂಕಿನ ಮ್ಯಾನೇಜರು ರಜೆ ಕೊಡುವುದಿಲ್ಲ ಎನ್ನುವ ಮುನ್ನ ಕೆಮ್ಮುವ ಕೆಮ್ಮು, ನಾನು ಬಾಡಿಗೆಗಿರುವ ಮನೆಯ ಒಡತಿ ಏಲಿಯಮ್ಮ ಚೇಚಿ ಮೀನಿನವನೊಡನೆ ಚೌಕಾಸಿ ಮಾಡುವ ರಾಗ, ತಿರುವನಂತಪುರದ ಶ್ರೀಕಾರ್ಯಂನಲ್ಲಿರುವ ನನ್ನ ಅಕ್ಕ ಫೋನಿನಲ್ಲಿ ಬಿಡುವ ನಿಟ್ಟುಸಿರು, ಎಲ್ಲವೂ ನನಗೆ ಬಾಯಿಪಾಠ. ಗಡ್ಡ ಹೆರೆಯುವಾಗ ಬೇರೆ ಯಾರೂ ಸಿಗದೆ ನನ್ನನ್ನೇ ಅಣಕಿಸಿ ಕನ್ನಡಿಗೆ ಬೇಸರ ತರಿಸಿದ್ದೂ ಉಂಟು. ಇಂಥ ನನ್ನನ್ನು ವೇಷ ಹಾಕಿ ಏಮಾರಿಸಿದವರಿದ್ದಾರೆ, ಅದೂ ಕಿರುಬೆರಳ ಉಗುರಿಗಿಂತ ಚಿಕ್ಕವರು ಎಂದರೆ, ಆ ಆಘಾತ ನನಗಿನ್ನೂ ಇಳಿದಿಲ್ಲ.

ಶುರುವಾದದ್ದು ಅಕ್ಕನ ಮಗಳು ಅಮ್ಮುವಿನಿಂದ. ನಾವು ಕಾಸರಗೋಡಿನವರು, ಮನೆಮಾತು ಕನ್ನಡ. ಆದರೆ ತಿರುವನಂತಪುರದಲ್ಲೇ ಹುಟ್ಟಿದ ಅಮ್ಮುವಿಗೆ ಕನ್ನಡ ಕಿವಿಯೊಳಗೆ ಹೋಗುತ್ತದೆ, ಬಾಯಿಯಿಂದ ಮಲಯಾಳವಾಗಿ ಹೊರಗೆ ಬರುತ್ತದೆ. "ಊಟ ಆಯ್ತಾ ಪುಟ್ಟಿ?" ಎಂದರೆ "ಕಳಿಚ್ಚು." ಅಕ್ಕನ ನಿಟ್ಟುಸಿರಿನ ಮೂಲ ಇದೇ. ವಿಷುವಿಗೆ ಹೋದಾಗ ನಾನು ಪಂಥ ಕಟ್ಟಿದೆ. "ಓಣಂ ರಜೆಗೆ ನನ್ನಲ್ಲಿಗೆ ಬಾ. ತಾರಸಿಯಲ್ಲಿ ಹೂವಿನ ಗಿಡ ಬೆಳೆಸಿ ಚಿಟ್ಟೆ ತರಿಸ್ತೇನೆ. ಬಂದ್ರೆ ನೀನು ಕನ್ನಡ ಮಾತಾಡ್ಬೇಕು."

"ಪೂಂಬಾಟ್ಟ ವನ್ನಿಲ್ಲೆಂಗಿಲೋ?" ಚಿಟ್ಟೆ ಬಾರದಿದ್ದರೆ? ವಕೀಲರ ಪ್ರಶ್ನೆ.

"ಬಾರದಿದ್ರೆ ಜನ್ಮದಲ್ಲಿ ಇನ್ನು ಯಾರ ಮಿಮಿಕ್ರಿಯನ್ನೂ ಮಾಡುವುದಿಲ್ಲ."

ಅಡುಗೆಮನೆಯಿಂದ ಅಕ್ಕನ ಸ್ವರ ಬಂತು. "ದೇವರೇ, ಯಾರು ಗೆದ್ದರೂ ನನಗೆ ಲಾಭವೇ!"

ಕಾಮಿನಿ ಗಿಡ ತಂದು ಕುಂಡದಲ್ಲಿ ನೆಟ್ಟೆ. ನೋಡಲು ಕರಿಬೇವಿನ ತಂಗಿ, ಹೂ ಬಿಟ್ಟರೆ ಮಲ್ಲಿಗೆಯ ಅಕ್ಕ. ಆಟಿ ತಿಂಗಳ ಮಳೆ ಬಿಡುವು ಕೊಟ್ಟಾಗ ಮೈತುಂಬ ಬಿಳಿ ಹೂ ಬಂತು. ಜೇನ್ನೊಣ ಬಂತು, ದುಂಬಿ ಬಂತು, ಕೊನೆಗೊಂದು ದೊಡ್ಡ ಕಪ್ಪು ಚಿಟ್ಟೆಯೂ ಬಂತು. ಅದಕ್ಕೆ ಹೂವಿನ ಗೊಡವೆಯೇ ಇಲ್ಲ. ಆಡಿಟ್‌ಗೆ ಬಂದವರ ಹಾಗೆ ಎಲೆ ಎಲೆಯನ್ನೂ ಮುಟ್ಟಿ ಮುಟ್ಟಿ ನೋಡಿ ಹೋಯಿತು. ಮತ್ತೆ ತಿರುಗಿ ನೋಡಲಿಲ್ಲ. ಕೆಲವು ದಿನದಲ್ಲಿ ಎಲೆಗಳ ಮೇಲೆ ಕಾಗೆಯ ಹಿಕ್ಕೆ ಕಾಣಿಸಿತು. ಕಪ್ಪು ಬಿಳುಪು, ಮೇಲೆ ಒದ್ದೆ ಹೊಳಪು. ನೀರಿನ ಟ್ಯಾಂಕಿನ ಮೇಲೆ ಕಾಗೆ ಇದ್ದೇ ಇತ್ತು, ಇನ್ನೇನು ಸಾಕ್ಷಿ ಬೇಕು? ದಿನಾ ಬೆಳಿಗ್ಗೆ ಬಾಯಲ್ಲಿ ಪೇಸ್ಟಿನ ನೊರೆ, ಸೊಂಟದ ಮೇಲೆ ಕೈ, ಕಾಗೆಯ ವಿಚಾರಣೆ: "ನಿನಗೆ ಇಡೀ ಎರ್ನಾಕುಲಂನಲ್ಲಿ ನನ್ನ ಕಾಮಿನಿಯೇ ಸಿಕ್ಕಿದ್ದಾ, ದರಿದ್ರವೇ?" ಆಮೇಲೆ ಹಳೆಯ ಬ್ರಷ್ಷಿನಿಂದ ಎಲೆ ತಿಕ್ಕಿ, ಬಕೆಟ್ಟಿನ ನೀರನ್ನು ಮೋರಿಗೆ ಚೆಲ್ಲುತ್ತಿದ್ದೆ. ಚಿಟ್ಟೆಗಳಿಗೆ ಶುಚಿತ್ವ ಮುಖ್ಯವಲ್ಲವೇ!

ಒಂದು ಬೆಳಿಗ್ಗೆ ಬ್ರಷ್ಷು ತಾಗಿದ್ದೇ ತಡ, ಹಿಕ್ಕೆ ತಲೆ ಎತ್ತಿತು. ಎತ್ತಿ, ಎರಡು ಕೆಂಪು ಕೊಂಬು ಹೊರಗೆ ಹಾಕಿ, ಕೊಳೆತ ನಿಂಬೆಹಣ್ಣಿನ ನಾತ ಬಿಟ್ಟಿತು. ನಾನು ಬ್ರಷ್ಷನ್ನು ಬಿಸಾಡಿ, ಪೇಸ್ಟಿನ ನೊರೆಯನ್ನು ಉಗುಳಿ ಕಿರುಚಿದ ಕಿರುಚು ಯಾರ ಅನುಕರಣೆಯೂ ಅಲ್ಲ, ಶುದ್ಧ ಸ್ವಂತದ್ದು.

ಏಲಿಯಮ್ಮ ಚೇಚಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ಎಂದಾ ಮೋನೇ, ಪಾಂಬಾಣೋ?" ಹಾವಲ್ಲ ಚೇಚಿ, ಹಿಕ್ಕೆಗೆ ಜೀವ ಬಂದಿದೆ ಎಂದೆ. ಅವರು ಬಗ್ಗಿ ನೋಡಿ ಎದೆ ಹಿಡಿದುಕೊಂಡು ನಕ್ಕರು. "ಕಾಕ್ಕ ಪಾವಂ! ಇದು ಪೂಂಬಾಟ್ಟಯುಡೆ ಕುಞ್ಞಲ್ಲೇ!" ಕಾಗೆ ಪಾಪದ್ದಂತೆ. ಇದು ಚಿಟ್ಟೆಯ ಮರಿಯಂತೆ. ಹಕ್ಕಿಗಳು ತಿನ್ನದಿರಲೆಂದು ಹಿಕ್ಕೆಯ ವೇಷ ಹಾಕಿ ಕೂತಿರುತ್ತದಂತೆ. ಎಂದರೆ ನಾನು ದಿನಾ ಬೆಳಿಗ್ಗೆ ಬ್ರಷ್ಷು ಹಿಡಿದು ಅಮ್ಮುವಿನ ಕನ್ನಡವನ್ನು ಮೋರಿಗೆ ಚೆಲ್ಲುತ್ತಿದ್ದೆ! ನಾನು ಇಷ್ಟು ವರ್ಷ ಮ್ಯಾನೇಜರನ್ನು ಅಣಕಿಸಿ ಗಳಿಸಿದ್ದು ಬೈಗುಳ. ಈ ಹುಳ ಹಿಕ್ಕೆಯನ್ನು ಅಣಕಿಸಿ ಪ್ರಾಣ ಉಳಿಸಿಕೊಳ್ಳುತ್ತದೆ. ಕಲಾವಿದ ಅವನು.

"ನೀವು ಮೊದಲೇ ಯಾಕೆ ಹೇಳಲಿಲ್ಲ?" ಎಂದು ಚೇಚಿಯ ಮೇಲೆ ಹಾರಿದೆ. ಅವರಿಗೆ ಕೆಳಗೆ ಕೇಳಿಸುತ್ತಿದ್ದದ್ದು ನನ್ನ ಸ್ವರ ಮಾತ್ರ. ಅದು ನಾನು ಬೆಳಿಗ್ಗೆ ಹೇಳುವ ಕನ್ನಡ ಪ್ರಾರ್ಥನೆ ಎಂದು ತಿಳಿದು, ಅಷ್ಟು ಹೊತ್ತು ಮಿಕ್ಸಿಯನ್ನೂ ನಿಲ್ಲಿಸುತ್ತಿದ್ದರಂತೆ.

ಉಳಿದದ್ದು ಆ ಕೊಂಬಿನವನೊಬ್ಬನೇ. ಅವನು ಹಸಿರಾದ, ದಪ್ಪಗಾದ, ಕಾಮಿನಿಯನ್ನು ಬೋಳು ಮಾಡಿದ. ಕೊನೆಗೆ ಸೊಂಟಕ್ಕೆ ಉಡಿದಾರದಂಥ ನೂಲು ಕಟ್ಟಿಕೊಂಡು ಕಡ್ಡಿಗೆ ಅಂಟಿ ನಿದ್ದೆಹೋದ. ಓಣಂಗೆ ಅಕ್ಕ, ಅಮ್ಮು ಬಂದಾಗ ತೋರಿಸಲು ಹೂವೂ ಇಲ್ಲ, ಎಲೆಯೂ ಇಲ್ಲ. ಅಮ್ಮು ರಜೆಯುದ್ದಕ್ಕೂ ಕೆಳಗೆ ಚೇಚಿಯ ಮನೆಯಲ್ಲೇ ಬಾಳೆಕಾಯಿಯ ಗರಿಗರಿ ಉಪ್ಪೇರಿ ಮೆಲ್ಲುತ್ತ ಮಲಯಾಳದ ಮಳೆ ಸುರಿಸಿದಳು. ನಾನು ಮ್ಯಾನೇಜರ ಕೆಮ್ಮಿಗೆ ಮನಸ್ಸಿನಲ್ಲೇ ವಿದಾಯ ಹೇಳಿದೆ.

ಅವರು ಹೊರಡುವ ಬೆಳಿಗ್ಗೆ ಗೂಡು ಒಡೆಯಿತು. ಕಪ್ಪು ರೆಕ್ಕೆ, ಅಂಚಿನಲ್ಲಿ ಬಿಳಿ ಚುಕ್ಕೆ. ಒದ್ದೆ ರೆಕ್ಕೆ ಬಿಡಿಸಿ, ಒಣಗಿಸಿ, ಅಮ್ಮುವಿನ ಮೂಗಿನ ಮುಂದೆಯೇ ಹಾರಿತು. ಅಕ್ಕ ಉಸಿರು ಬಿಗಿಹಿಡಿದಳು. ಅಮ್ಮು ಚಿಟ್ಟೆಯನ್ನು ನೋಡಿದಳು, ಟ್ಯಾಂಕಿನ ಮೇಲಿನ ಕಾಗೆಯನ್ನು ನೋಡಿದಳು. ಸೊಂಟಕ್ಕೆ ಕೈಯಿಟ್ಟು, ಬಾಯಲ್ಲಿ ನೊರೆ ತುಂಬಿದವಳ ಹಾಗೆ ಕೆನ್ನೆ ಉಬ್ಬಿಸಿ, "ನಿನಗೆ ಇಡೀ ಎರ್ನಾಕುಲಂನಲ್ಲಿ ನನ್ನ ಕಾಮಿನಿಯೇ ಸಿಕ್ಕಿದ್ದಾ, ದರಿದ್ರವೇ?" ಎಂದಳು. ಒಂದಕ್ಷರ ತಪ್ಪಿಲ್ಲ. ನನ್ನ ಬೆಳಗಿನ ಪ್ರಾರ್ಥನೆಯೆಂದು ಏಲಿಯಮ್ಮ ಚೇಚಿ ಭಕ್ತಿಯಿಂದ ಕಲಿಸಿದ್ದರಂತೆ; ಸೊಂಟದ ಕೈ, ಬಾಯಿಯ ನೊರೆ ರಜೆಯಲ್ಲಿ ನಾನು ಹಲ್ಲುಜ್ಜುವುದನ್ನು ನೋಡಿ ಅವಳೇ ಸೇರಿಸಿದ್ದು. ಚೇಚಿ ಚಪ್ಪಾಳೆ ತಟ್ಟಿದರು, ಅಕ್ಕ ಕಣ್ಣೊರೆಸಿಕೊಂಡಳು.

ಪಂಥ ನಾನೇ ಗೆದ್ದೆ. ಆದರೂ ಮೆಲ್ಲಗೆ ಕೇಳಿದೆ, "ಅಕ್ಕಾ, ನಾನು ನಿಜವಾಗಿ ಹೀಗೆ ಕಾಣ್ತೇನಾ?"

"ಇಲ್ಲ ಮಾರಾಯ," ಎಂದಳು ಅಕ್ಕ, "ಅವಳು ಮಾಡುವಾಗ ಸ್ವಲ್ಪ ಚಂದ ಕಾಣ್ತದೆ."