ಅಕಾರ್ಡಿಯನ್ ತಾತನೂ ನನ್ನ ಹೊಟ್ಟೆಕಿಚ್ಚೂ

ಹೊಟ್ಟೆಕಿಚ್ಚು ಪಡಬೇಕೆಂದು ನಾನು ಯಾವತ್ತೂ ಮನೆ ಬಿಟ್ಟು ಹೊರಟವನಲ್ಲ. ಆದರೂ ನಾನು ಎಲ್ಲಿಗೆ ಹೋದರೂ ಅದಕ್ಕೊಂದು ಕಾರಣ ನನಗಿಂತ ಮೊದಲೇ ಅಲ್ಲಿ ಬಂದು ಕೂತಿರುತ್ತದೆ. ಪಕ್ಕದ ಮನೆಯವನ ನಿಂಬೆಗಿಡ, ಆಫೀಸಿನಲ್ಲಿ ನನ್ನ ವಯಸ್ಸಿನವನ ತಲೆಗೂದಲು, ಇಂಥ ಚಿಲ್ಲರೆ ವಿಷಯಗಳಲ್ಲಿ ನನ್ನ ಕೈ ಮೊದಲೇ ಪಳಗಿತ್ತು. ಆದರೆ ಎಪ್ಪತ್ತಾರು ವರ್ಷದ, ಮಂಡಿನೋವಿನ ಒಬ್ಬ ಚೆಕ್ ದೇಶದ ತಾತನ ಮೇಲೆ ಎರಡು ವರ್ಷ ಉರಿದುಕೊಂಡಿದ್ದೆ ಅಂದರೆ ನನ್ನ ಸ್ನೇಹಿತರೂ ನಂಬುವುದಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

೧. ತಾತ ನಮ್ಮ ಮನೆ ಹೊಕ್ಕಿದ್ದು

ನನ್ನ ಹೆಂಡತಿ ಧಾರವಾಡದವಳು, ನಾನು ಮೈಸೂರಿನವನು. ನಮ್ಮ ಹದಿನೆಂಟು ವರ್ಷದ ಸಂಸಾರದ ಮುಕ್ಕಾಲು ಜಗಳ ಈ ಒಂದು ವಾಕ್ಯದಲ್ಲೇ ಇದೆ. ಅವಳಿಗೆ ಬೇಕು ಅಂದರೆ ಬೇಕು, ಬೇಡ ಅಂದರೆ ಬೇಡ. ನಮ್ಮ ಮನೆಯಲ್ಲಿ ಹಾಗಲ್ಲ. ಯಾರ ಮನೆಗೆ ಹೋದರೂ ಮೊದಲನೇ ಸಲ ಕೇಳಿದಾಗ ಬೇಡ ಅನ್ನಬೇಕು. ಎರಡನೇ ಸಲ, ಅಯ್ಯೋ ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೇ ಸಲ, ನಿಮ್ಮ ಬಲವಂತಕ್ಕೆ ಅಂತ ಒಪ್ಪಿಕೊಂಡು ಎರಡು ಲೋಟ ಕಾಫಿ ಕುಡಿಯಬೇಕು. ಇದನ್ನು ನನ್ನ ಅಮ್ಮ ಮಗ್ಗಿಗಿಂತ ಮೊದಲೇ ಕಲಿಸಿದ್ದಳು.

ಇನ್ನು ನನ್ನ ಹಾಡಿನ ವಿಷಯ. ಹನ್ನೆರಡು ವರ್ಷದಿಂದ ಈ ಪರದೇಶದಲ್ಲಿ ನಮ್ಮ ಕನ್ನಡದವರು ಮಾಡುವ ಯುಗಾದಿಗೆ, ರಾಜ್ಯೋತ್ಸವಕ್ಕೆ ನಾನು ತಪ್ಪದೆ ಹಾಡುತ್ತೇನೆ. ನಾನು ಸ್ಟೇಜ್ ಹತ್ತುವ ಹೊತ್ತಿಗೆ ಸರಿಯಾಗಿ ನನ್ನ ಹೆಂಡತಿಗೆ ಕಾರಿನಲ್ಲಿ ಏನೋ ಬಿಟ್ಟು ಬಂದದ್ದು ನೆನಪಾಗುತ್ತದೆ. ಹೇಗಿತ್ತು ಅಂತ ಕೇಳಿದರೆ, "ಮೈಕ್ ಛಲೋ ಇತ್ರಿ" ಅನ್ನುತ್ತಾಳೆ. ನಾಲ್ಕು ಜನರ ಮುಂದೆ ಅವಳು ಒಂದು ಸಲ, ಒಂದೇ ಒಂದು ಸಲ, ನನ್ನನ್ನು ನೋಡಿ ಕಣ್ಣರಳಿಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಇದಕ್ಕಿಂತ ದೊಡ್ಡ ಆಸೆಗಳನ್ನು ನಾನು ಇಟ್ಟುಕೊಂಡಿಲ್ಲ.

ಕೊರೋನಾ ಬಂದಾಗ ಕಲ್ವರ್ ಸಿಟಿಯ ಅವಳ ಆಫೀಸು ಸ್ಯಾಂಟಾ ಕ್ಲಾರಿಟಾದ ನಮ್ಮ ಊಟದ ಟೇಬಲ್ಲಿಗೆ ಬಂತು. ಅವಳ ಟೀಮಿನಲ್ಲಿ ಒಬ್ಬ ಚೆಕ್ ಹೆಂಗಸು. ಎಲ್ಲರೂ ಮನೆಯಲ್ಲೇ ಕೂತು ಬೇಜಾರಾಗಿದ್ದರಿಂದ ಶುಕ್ರವಾರದ ಕೊನೆಯ ಮೀಟಿಂಗಿನಲ್ಲಿ ಆಕೆಯ ಅಪ್ಪ ಹಿಂದಿನಿಂದ ಬಂದು ಅಕಾರ್ಡಿಯನ್ ನುಡಿಸುತ್ತಿದ್ದರು. ಬಿಳಿ ಮೀಸೆ, ಕೆಂಪು ಕೆನ್ನೆ, ಹೊಟ್ಟೆಯ ಮೇಲೆ ಹಾರ್ಮೋನಿಯಂನಂಥ ಆ ವಾದ್ಯ. ನನ್ನ ಹೆಂಡತಿ ಗಲ್ಲಕ್ಕೆ ಕೈಕೊಟ್ಟು ಕೂತು ಕೇಳಿದಳು. ಕಾರಿನ ನೆನಪು ಬರಲಿಲ್ಲ. ಮುಗಿದ ಮೇಲೆ, "ಏನ್ ನುಡಸ್ತಾರ್ರಿ ಈ ಅಜ್ಜಾರು" ಅಂದಳು. ಲ್ಯಾಪ್‌ಟಾಪಿನ ಅಷ್ಟು ಸಣ್ಣ ಸ್ಪೀಕರಿನಲ್ಲಿ ಕೇಳಿಯೂ ಮೈಕಿನ ಮಾತೇ ಎತ್ತಲಿಲ್ಲ.

೨. ಒಂದೇ ಸಲ ಕೇಳುವ ಜನ

ಕೊರೋನಾ ಕಳೆದ ಮೇಲೆ ತಾತನ ಕಡೆಯಿಂದ ಕರೆ ಬಂತು. ವೆಸ್ಟ್ ಕೊವಿನಾದ ಹತ್ತಿರ ಒಂದು ಹಾಲ್ ಹಿಡಿದು ಅವರ ಜನರೆಲ್ಲ ಸೇರುತ್ತಾರಂತೆ, ಊರಿನ ಊಟ, ಊರಿನ ಸಂಗೀತ, ನೀವೂ ಬನ್ನಿ ಅಂತ. ನನ್ನ ಹಾಡಿಗೆ ಜೀನ್ಸ್ ಹಾಕಿಕೊಂಡು ಬರುವ ಹೆಂಡತಿ ಅವತ್ತು ಇಳಕಲ್ ಸೀರೆ ಉಟ್ಟು, ಹೂವಿಗಾಗಿ ಎರಡು ಅಂಗಡಿ ಸುತ್ತಿದಳು. ನಾನು ಡ್ರೈವ್ ಮಾಡುವಾಗ ಬ್ರೇಕನ್ನು ಸ್ವಲ್ಪ ಜೋರಾಗಿ ಒತ್ತಿದೆ, ಅಷ್ಟೆ.

ಊಟ ಚೆನ್ನಾಗಿತ್ತು ಅಂತ ಒಪ್ಪಿಕೊಳ್ಳುವುದಕ್ಕೂ ನನಗೆ ಮನಸ್ಸಿರಲಿಲ್ಲ. ನಾವು ಮಾಂಸ ತಿನ್ನುವುದಿಲ್ಲ ಎಂದು ಮೊದಲೇ ತಿಳಿದು ತಾತನ ಹೆಂಡತಿ ನಮಗೆ ಬೇರೆಯಾಗಿ ಅಣಬೆಯ ಗೊಜ್ಜು ಮಾಡಿಸಿದ್ದರು. ಅದರಲ್ಲಿ ಅದ್ದಿ ತಿನ್ನಲು ಒಂದು ಬಗೆಯ ಕಡುಬು. ಮೊಣಕೈ ಉದ್ದಕ್ಕೆ ಬೇಯಿಸಿ, ದಾರ ಸುತ್ತಿ ಎಳೆದು ಬಿಲ್ಲೆಬಿಲ್ಲೆಯಾಗಿ ಕತ್ತರಿಸುತ್ತಾರೆ. ಚಾಕು ಹಾಕಿದರೆ ಒತ್ತಿ ಚಪ್ಪಟೆಯಾಗುತ್ತದಂತೆ. ಆ ಅಜ್ಜಿ ಕಸೂತಿಯ ರವಿಕೆ, ಕೆಂಪು ಲಂಗ ತೊಟ್ಟು ಎಲ್ಲರ ಟೇಬಲ್ಲಿಗೂ ಓಡಾಡುತ್ತಿದ್ದರು.

ಕೊನೆಯಲ್ಲಿ ಅವರೇ ಒಂದು ದೊಡ್ಡ ತಟ್ಟೆ ಹೊತ್ತು ತಂದರು. ಅಂಗೈಯಗಲದ ಮೆತ್ತನೆಯ ಸಿಹಿ ಬನ್ನು, ಅದರ ನಡುವೆ ಗುಳಿ, ಗುಳಿಯ ತುಂಬ ಕಪ್ಪು ಗಸಗಸೆಯ ಹೂರಣ. ಗಸಗಸೆ ಪಾಯಸವೆಂದರೆ ಪ್ರಾಣ ಬಿಡುವವನು ನಾನು. ವಾಸನೆಗೇ ಬಾಯಲ್ಲಿ ನೀರೂರಿತು. ಅಜ್ಜಿ ಮೊದಲು ನನ್ನ ಮುಂದೆ ತಟ್ಟೆ ಹಿಡಿದು, ತಗೊಳ್ಳುತ್ತೀರಾ ಎಂದು ಕೇಳಿದರು. ನಾನು ಅಮ್ಮ ಕಲಿಸಿದ ಹಾಗೆ ನಗುನಗುತ್ತಾ, ಅಯ್ಯೋ ಬೇಡ ಬೇಡ ಅಂದೆ. ಸರಿ ಅಂತ ಅವರು ಮುಂದೆ ಹೋದರು.

ಎರಡನೇ ಸಲ ಕೇಳುತ್ತಾರೆ ಅಂತ ನಾನು ನಗುವನ್ನು ಹಾಗೇ ಮುಖದ ಮೇಲೆ ಇಟ್ಟುಕೊಂಡು ಕೂತೆ. ನನ್ನ ಹೆಂಡತಿ ಮೂರು ತಗೊಂಡಳು. ಒಂದು ಚೂರು ಕೊಡೆ ಅಂದರೆ, "ಈಗಷ್ಟ ಬ್ಯಾಡ ಅಂದ್ರಲ್ಲ" ಅಂದಳು. ಅಷ್ಟರಲ್ಲಿ ಅಜ್ಜಿ ಇಡೀ ಟೇಬಲ್ಲಿಗೆ ನನ್ನ ಪರಿಚಯ ಮಾಡಿಸುತ್ತಿದ್ದರು: ಇವರು ಸಿಹಿ ತಿನ್ನುವುದಿಲ್ಲ, ಯಾರೂ ಇವರಿಗೆ ಬಲವಂತ ಮಾಡಬೇಡಿ. ಆಮೇಲೆ ಬಂದ ಸೇಬಿನ ಕಡುಬು, ಪ್ಲಮ್ ಹಣ್ಣಿನ ಕಡುಬು ಎಲ್ಲವೂ ಮರ್ಯಾದೆಯಿಂದ ನನ್ನನ್ನು ದಾಟಿಕೊಂಡು ಹೋದವು. ಪಾಪ ಅಂತ ಒಬ್ಬರು ಒಂದು ಬಟ್ಟಲು ಉಪ್ಪುನೀರಿನ ಸೌತೆಕಾಯಿ ತಂದಿಟ್ಟರು.

೩. ಕಣ್ಣಲ್ಲಿ ಕಣ್ಣಿಟ್ಟು

ಅದೇ ಸಂಜೆ ಇನ್ನೊಂದು ಸಂಪ್ರದಾಯ ಗೊತ್ತಾಯಿತು. ಅವರು ಗ್ಲಾಸಿಗೆ ಗ್ಲಾಸು ತಾಗಿಸುವಾಗ ಒಬ್ಬರ ಕಣ್ಣನ್ನು ಒಬ್ಬರು ನೇರವಾಗಿ ನೋಡಲೇಬೇಕು. ಕಣ್ಣು ತಪ್ಪಿಸಿದರೆ ಅವಮಾನ. ತಾತ ಬಿಯರಿನ ಗ್ಲಾಸು ಹಿಡಿದು ನಮ್ಮ ಟೇಬಲ್ಲಿಗೆ ಬಂದರು. ನನ್ನ ಹೆಂಡತಿ ಸೇಬಿನ ಜ್ಯೂಸ್ ಎತ್ತಿ ಹಿಡಿದಳು. ಇಬ್ಬರೂ ನೋಡಿಕೊಂಡರು. ನಾನು ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿದೆ. ನಾಲ್ಕಕ್ಕೂ ಬಿಡಲಿಲ್ಲ. ನಮ್ಮ ಮದುವೆಯಲ್ಲಿ ಅಂತರಪಟ ಸರಿಸಿದಾಗಲೂ ಅವಳು ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ.

ಆಮೇಲೆ ತಾತ ನನ್ನ ಕಡೆ ತಿರುಗಿದರು. ಹೊಟ್ಟೆಯಲ್ಲಿದ್ದ ಕಿಚ್ಚನ್ನೆಲ್ಲ ಕಣ್ಣಿಗೆ ತಂದುಕೊಂಡು, ರೆಪ್ಪೆ ಮಿಟುಕಿಸದೆ ದುರುಗುಟ್ಟಿ ನೋಡಿದೆ. ತಾತನ ಕಣ್ಣು ಒದ್ದೆಯಾಯಿತು. ನನ್ನ ಹೆಗಲು ತಟ್ಟಿ ನನ್ನ ಹೆಂಡತಿಗೆ ಹೇಳಿದರು: ಐವತ್ತು ವರ್ಷದಿಂದ ಎಷ್ಟೋ ಜನರ ಜೊತೆ ಗ್ಲಾಸು ತಾಗಿಸಿದ್ದೇನೆ, ಇಷ್ಟು ಪ್ರೀತಿಯಿಂದ ನನ್ನನ್ನು ಯಾರೂ ನೋಡಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಕುಣಿತ ಶುರುವಾದ ಮೇಲೆ ತಾತ ಮೈಕಿನಲ್ಲಿ, ಈಗ ಹೆಂಗಸರ ಆಯ್ಕೆ ಎಂದು ಸಾರಿದರು. ಹೆಂಗಸರು ತಮಗೆ ಬೇಕಾದವರ ಮುಂದೆ ಹೋಗಿ ಕೈ ಚಾಚುತ್ತಾರೆ, ಗಂಡಸರು ಆಗುವುದಿಲ್ಲ ಅನ್ನುವ ಹಾಗಿಲ್ಲ. ನಾನು ಅಂಗಿ ಸರಿಮಾಡಿಕೊಂಡು ಕುರ್ಚಿಯ ತುದಿಗೆ ಬಂದೆ. ನನ್ನ ಹೆಂಡತಿ ಎದ್ದು, ನನ್ನ ಪಕ್ಕದಲ್ಲೇ ಹಾದು, ತಾತನ ಮುಂದೆ ಹೋಗಿ ನಿಂತಳು. ತಾತ ಅಕಾರ್ಡಿಯನ್ನನ್ನು ಇನ್ನೊಬ್ಬರಿಗೆ ಕೊಟ್ಟು ಕುಣಿದರು. ಮಂಡಿನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ವಾಪಸು ಬಂದ ಹೆಂಡತಿಯನ್ನು, ನನ್ನನ್ನು ಯಾಕೆ ಕರೆಯಲಿಲ್ಲ ಅಂತ ಕೇಳಿದೆ.

"ನಿಮಗ ಬರೂದಿಲ್ಲಲ್ರಿ" ಅಂದಳು.

೪. ಗರಾಜಿನ ಗುಟ್ಟು

ಬರುವುದಿಲ್ಲ ಅಂದರೆ ಕಲಿಯಬೇಕು. ಮುಂದಿನ ವರ್ಷ ಸ್ಯಾನ್ ಡಿಯಾಗೋದಲ್ಲಿ ಅವರದೇ ಮಧ್ಯಾಹ್ನದ ಕೂಟ ಇದೆ, ಅಲ್ಲಿಗೂ ನಮ್ಮನ್ನು ಕರೆದಿದ್ದಾರೆ ಎಂದು ಗೊತ್ತಾದ ದಿನವೇ ನಾನು ಶಪಥ ಮಾಡಿದೆ. ಶನಿವಾರ ಬೆಳಿಗ್ಗೆ ಹೆಂಡತಿ ತರಕಾರಿಗೆ ಹೋದ ಮೇಲೆ ಗರಾಜಿನಿಂದ ನನ್ನ ಕಾರು ಹೊರಗೆ ತೆಗೆದು, ಬಾಗಿಲು ಹಾಕಿಕೊಂಡು, ಫೋನಿನಲ್ಲಿ ವಿಡಿಯೋ ನೋಡುತ್ತಾ ಪೋಲ್ಕಾ ಎಂಬ ಅವರ ಕುಣಿತ ಕಲಿಯತೊಡಗಿದೆ. ಮೂರು ಹೆಜ್ಜೆ, ಒಂದು ಕುಪ್ಪಳಿಕೆ. ನಾನು ಚಿಕ್ಕಂದಿನಿಂದ ಆದಿತಾಳದಲ್ಲಿ ಬೆಳೆದವನು. ಕೈ ತಾನಾಗಿಯೇ ತೊಡೆ ತಟ್ಟುತ್ತಿತ್ತು, ಕಾಲು ಕುಪ್ಪಳಿಸುತ್ತಿತ್ತು, ಎರಡೂ ಒಂದೇ ಕಡೆ ಸೇರುತ್ತಿರಲಿಲ್ಲ. ಜೊತೆಗೆ ಯಾರೂ ಇಲ್ಲದ್ದರಿಂದ ಹಳೆಯ ವ್ಯಾಕ್ಯೂಮ್ ಕ್ಲೀನರನ್ನು ಹಿಡಿದುಕೊಂಡು ಕುಣಿದೆ.

ಒಂದು ದಿನ ಹದಿನೈದು ವರ್ಷದ ಮಗಳು ಸೈಕಲ್ಲಿಗೆಂದು ಬಂದು ಬಾಗಿಲು ತೆಗೆದಳು. ನನ್ನನ್ನೂ ವ್ಯಾಕ್ಯೂಮ್ ಕ್ಲೀನರನ್ನೂ ನೋಡಿ, "ಅಪ್ಪಾ, ಆರ್ ಯೂ ಓಕೆ?" ಅಂದಳು. ಅಮ್ಮನಿಗೆ ಹೇಳಬೇಡ ಕಂದಾ ಎಂದು ಬೇಡಿಕೊಂಡೆ. ಅವಳು ಹೇಳಲಿಲ್ಲ. ಆದರೆ ಎರಡು ತಿಂಗಳಾದ ಮೇಲೆ ಎದುರು ಮನೆಯ ಮುದುಕರು ನನ್ನನ್ನು ತಡೆದು, ಬಹಳ ಮರುಕದಿಂದ ಒಂದು ಚೀಟಿ ಕೊಟ್ಟರು. ಪ್ರತಿ ಶನಿವಾರ ನಿಮ್ಮ ಗರಾಜಿನಿಂದ ಸದ್ದು ಕೇಳುತ್ತದೆ, ಇವರಿಗೆ ಫೋನ್ ಮಾಡಿ, ಒಂದೇ ದಿನದಲ್ಲಿ ಮುಗಿಸಿಕೊಡುತ್ತಾರೆ ಅಂದರು. ಹೆಗ್ಗಣ ಹಿಡಿಯುವವರ ನಂಬರು.

೫. ಹೆಂಗಸರ ಆಯ್ಕೆ

ಆ ಭಾನುವಾರ ಬಂತು. ಸ್ಯಾನ್ ಡಿಯಾಗೋದಲ್ಲಿ ಬಯಲಲ್ಲೇ ಕೂಟ, ಮರದ ಕೆಳಗೆ ಹಲಗೆ ಹಾಸಿದ ಕುಣಿತದ ಜಾಗ. ಹೆಂಡತಿ ಮತ್ತೆ ಇಳಕಲ್ ಸೀರೆ. ನಾನು ಜಾರದ ಶೂ. ಈ ಸಲ ಮಗಳೂ ಜೊತೆಗಿದ್ದಳು. ಊಟ ನನಗೆ ರುಚಿಸಲಿಲ್ಲ. ಗಸಗಸೆ ಬನ್ನು ಬಂದಾಗ ಅಜ್ಜಿ ದೂರದಿಂದಲೇ ನನ್ನತ್ತ ಕೈಬೀಸಿ, ನಿಮಗೆ ಕೊಡುವುದಿಲ್ಲ, ಹೆದರಬೇಡಿ ಎಂದು ಸನ್ನೆ ಮಾಡಿದರು. ಅದಕ್ಕೂ ನಾನು ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಮನಸ್ಸೆಲ್ಲ ಒಂದೇ ಕಡೆ ಇತ್ತು.

ತಾತ ಸಾರಿದರು. ಹೆಂಗಸರು ಎದ್ದರು. ನನ್ನ ಹೆಂಡತಿ ಎದ್ದು ಒಮ್ಮೆ ತಾತನ ಕಡೆ ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು. ಮಗಳು ಏನಾದರೂ ಬಾಯಿ ಬಿಟ್ಟಿದ್ದಳೋ ಏನೋ, ಅವಳ ತುಟಿಯಲ್ಲಿ ಸಣ್ಣ ನಗೆ. ನೇರವಾಗಿ ನನ್ನ ಮುಂದೆ ಬಂದು ಕೈ ಚಾಚಿದಳು.

"ಬರ್ರಿ, ಕುಣಿಯೂಣು."

ನಾಲ್ಕು ತಿಂಗಳು ವ್ಯಾಕ್ಯೂಮ್ ಕ್ಲೀನರ್ ತಿರುಗಿಸಿದವನು ನಾನು. ಈ ಕ್ಷಣವನ್ನು ನೂರು ಸಲ ಮನಸ್ಸಿನಲ್ಲಿ ನೋಡಿದ್ದೆ. ಅಂಥವನು ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಸರಿದು, ನಾಚಿಕೊಂಡು, ನಗುನಗುತ್ತಾ ಹೇಳಿದೆ:

"ಅಯ್ಯೋ, ನನಗೆಲ್ಲಿ ಬರುತ್ತೆ, ಬೇಡ ಬೇಡ."

ನನ್ನ ಬಾಯಿಯೇ ನನಗೆ ಶತ್ರುವಾಯಿತು. ಧಾರವಾಡದವಳು ಒಂದು ಸಲ ತಲೆಯಾಡಿಸಿ, "ಆತು ಬಿಡ್ರಿ" ಎಂದು ತಾತನ ಕಡೆ ಹೊರಟಳು. ಎರಡನೇ ಸಲ ಕರೀ ಎಂದು ಕೂಗೋಣ ಅಂದುಕೊಂಡೆ, ಅಷ್ಟರಲ್ಲಿ ಅವಳು ಜನರ ನಡುವೆ ಸೇರಿಹೋಗಿದ್ದಳು. ತಾತ ಅಕಾರ್ಡಿಯನ್ನನ್ನು ಇನ್ನೊಬ್ಬರ ಕೈಗೆ ಕೊಡುತ್ತಿದ್ದರು. ನನ್ನ ಹೊಟ್ಟೆಯೊಳಗೆ ಒಲೆ ಹೊತ್ತಿಸಿದ ಹಾಗಾಯಿತು.

ಪಕ್ಕದಲ್ಲಿ ಯಾರೋ ಬಂದು ಕೂತರು. ನೋಡಿದರೆ ಅಜ್ಜಿ. ಅವರೂ ಅತ್ತಲೇ ನೋಡುತ್ತಿದ್ದರು. ಆ ನೋಟ ನನಗೆ ಪರಿಚಯದ್ದು, ದಿನಾ ಕನ್ನಡಿಯಲ್ಲಿ ನೋಡುವಂಥದ್ದು. ಐವತ್ತು ವರ್ಷದಿಂದ ಎಲ್ಲ ಹೆಂಗಸರೂ ಇವರನ್ನೇ ಕರೆಯುತ್ತಾರೆ, ನಾನು ಬನ್ನು ಹಂಚುತ್ತಾ ಇರುತ್ತೇನೆ ಅಂದರು. ಆಮೇಲೆ ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಎಸೆದು, ನನ್ನ ಮುಂದೆ ಕೈ ಚಾಚಿದರು. ಅವರು ಬಾಯಿ ತೆರೆಯುವ ಮೊದಲೇ ನಾನು ಎದ್ದಾಗಿತ್ತು.

ಆಮೇಲೆ ನಡೆದದ್ದನ್ನು ಕುಣಿತ ಅನ್ನಬಹುದೋ ಇಲ್ಲವೋ ಗೊತ್ತಿಲ್ಲ. ಇಬ್ಬರ ಹೊಟ್ಟೆಯಲ್ಲೂ ಕಿಚ್ಚು, ನಾಲ್ಕೂ ಕಾಲಲ್ಲಿ ಒಂದೇ ಲಯ. ಗರಾಜಿನ ಒಂದೊಂದು ಕುಪ್ಪಳಿಕೆಯೂ ಸರಿಯಾಗಿ ಬಿತ್ತು. ಅಜ್ಜಿಯ ಕೆಂಪು ಲಂಗ ಗಿರಗಿರ ತಿರುಗಿತು. ಉಳಿದವರು ಬದಿಗೆ ಸರಿದು ಸುತ್ತಲೂ ನಿಂತು ಚಪ್ಪಾಳೆ ಹಾಕತೊಡಗಿದರು. ಆ ಗುಂಪಿನಲ್ಲಿ ತಾತ ಒಬ್ಬರೇ ಮೀಸೆ ಕಡಿಯುತ್ತಾ ನಿಂತಿದ್ದರು. ನನ್ನ ಹೆಂಡತಿ ನನ್ನ ಖಾಲಿ ಕುರ್ಚಿಯ ಪಕ್ಕದಲ್ಲಿ ನಿಂತಿದ್ದಳು. ಅವಳ ಕಣ್ಣು ಅರಳಿತ್ತು. ಆದರೆ ಅದು ನಾನು ಬಯಸಿದ ಅರಳುವಿಕೆ ಆಗಿರಲಿಲ್ಲ.

ವಾಪಸು ಬರುವಾಗ ಮಗಳು ಹಿಂದಿನ ಸೀಟಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಳು. ನನ್ನ ಮಡಿಲಲ್ಲಿ ಅಜ್ಜಿ ಕಟ್ಟಿಕೊಟ್ಟ ಗಸಗಸೆ ಬನ್ನಿನ ಡಬ್ಬಿ, ಈ ಸಲ ನಾನೇ ಬಾಯಿ ಬಿಟ್ಟು ಕೇಳಿದ್ದು. ಹೆಂಡತಿ ಕಿಟಕಿಯ ಕಡೆಗೆ ತಿರುಗಿ ಕೂತಳು. ಆಮೇಲೆ ಹೇಳಿದಳು:

"ಎರಡನೇ ಸರ್ತಿ ಕೇಳೂಣಂತ ಅರ್ಧಾ ದಾರಿಯಿಂದ ಹೊಳ್ಳಿ ಬಂದಿದ್ದೆ. ನಾ ಕರದ್ರ ಬ್ಯಾಡ. ಆ ಅಜ್ಜಿ ಕರದ್ರ ಒಂದ ಸರ್ತಿಗೆ ಟಣ್ಣಂತ ಎದ್ದು ಹೋದ್ರಲ್ಲ, ನೋಡಿ ಹೊಟ್ಟಿ ಉರೀತ್ರಿ ನನಗ."

ಭಾನುವಾರದ ಟ್ರಾಫಿಕ್ಕಿನಲ್ಲಿ ಸ್ಯಾಂಟಾ ಕ್ಲಾರಿಟಾ ಮುಟ್ಟಲು ಮೂರೂವರೆ ಗಂಟೆ ಹಿಡಿಯಿತು. ಇದೊಂದು ಮಾತು ಬಿಟ್ಟರೆ ಅಷ್ಟು ಹೊತ್ತೂ ಅವಳು ನನ್ನ ಜೊತೆ ಮಾತಾಡಲಿಲ್ಲ. ಅಷ್ಟು ಖುಷಿಯ ಡ್ರೈವ್ ನಾನು ಜೀವನದಲ್ಲಿ ಮಾಡಿಲ್ಲ.