ಮಾವಿನ ಮರಕ್ಕೆ ಕೊಟ್ಟ ಬೆದರಿಕೆ

ಮರಕ್ಕೆ, ಕಲ್ಲಿಗೆ, ನೀರಿಗೆ ಆತ್ಮವಿದೆ ಎಂದು ನಂಬುವವರನ್ನು ಕಂಡರೆ ನನಗೆ ಸಣ್ಣ ಹೊಟ್ಟೆಕಿಚ್ಚು. ಮನೆಯಲ್ಲಿ ಯಾರೂ ಕಿವಿಗೊಡದಿದ್ದರೂ ಅವರಿಗೆ ಮಾತಾಡಲು ಹಿತ್ತಲ ತುಂಬ ಜನ. ನಾನೋ, ದಿನಾ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗಿ, ಮರಗಳಿಗಿಂತ ಮೌನವಾಗಿ ಕೂತ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿ ಬರುವವನು.

ನಮ್ಮ ಹಿತ್ತಲಲ್ಲಿ ಒಂದು ಮಾವಿನ ಮರವಿದೆ. ಹನ್ನೆರಡು ವರ್ಷವಾದರೂ ಒಂದು ಮಿಡಿ ಬಿಟ್ಟಿರಲಿಲ್ಲ. ಅದನ್ನು ಕಡಿಸಿ ಅಲ್ಲಿ ಕಾರಿಗೊಂದು ಶೆಡ್ ಹಾಕಿಸೋಣ ಎಂಬುದು ನನ್ನ ವಾದ. "ನೆಟ್ಟಿದ್ದು ನಾನು, ಕಡಿಸೋಕೆ ನೀವ್ಯಾರ್ರೀ?" ಎಂಬುದು ಹೆಂಡತಿ ವನಜಳ ವಾದ. ನಡುವೆ ರಾಜಿ ಮಾಡಿಸಲು ಬಂದವರು ಪಕ್ಕದ ಮನೆಯ ಸೆಲ್ವಮ್ಮ. "ಮರಕ್ಕೂ ಮಾನ ಮರ್ಯಾದೆ ಇರ್ತದೆ ಸಾರ್. ಕೊಡಲಿ ತೋರಿಸಿ ಒಂದ್ಸಲ ಗದರಿಸಿ. ವನಜಮ್ಮ ಅಡ್ಡ ಬಂದು ಬಿಡಿಸ್ಲಿ. ಆಮೇಲೆ ನೋಡಿ, ಹೆಂಗೆ ಕಾಯಿ ಬಿಡ್ತದೆ!" ಬಿಡದಿದ್ದರೆ ಮುಂದಿನ ಬೇಸಿಗೆಗೆ ಕಡಿಸಬಹುದು ಎಂದು ನಮ್ಮಿಬ್ಬರಿಗೂ ಒಪ್ಪಂದವಾಯಿತು.

ಭಾನುವಾರ ಬೆಳಿಗ್ಗೆ ಸೆಲ್ವಮ್ಮನ ಮನೆಯದೇ ಕೊಡಲಿ ಹಿಡಿದು ಮರದ ಮುಂದೆ ನಿಂತೆ. ಕಾಂಪೌಂಡಿನಾಚೆ ಆಗಲೇ ಎರಡು ತಲೆಗಳು ಕಾಣುತ್ತಿದ್ದವು. ಗಂಟಲು ಸರಿಮಾಡಿಕೊಂಡು, "ನೋಡಿ, ಮುಂದಿನ ವರ್ಷದೊಳಗೆ ತಾವು ಕಾಯಿ ಬಿಡದಿದ್ದರೆ ಅನಿವಾರ್ಯವಾಗಿ ಕ್ರಮ ಕೈಗೊಳ್ಳಬೇಕಾಗುತ್ತದೆ" ಎಂದೆ.

"ಮರಕ್ಕೆ ಹೋಗಿ 'ತಾವು' ಅಂತೀರಲ್ಲ ಸಾರ್!" ಎಂದು ಸೆಲ್ವಮ್ಮ ಹಣೆ ಚಚ್ಚಿಕೊಂಡರು.

ವನಜ ಮಾತ್ರ ಓಡಿಬಂದು ಕಾಂಡವನ್ನು ತಬ್ಬಿಕೊಂಡಳು. "ಬೇಡಾರೀ, ನನ್ನ ಕೂಸು ಇದು! ಇದೊಂದು ವರ್ಷ ಬಿಟ್ಬಿಡಿ." ನಾಟಕವೆಂಬುದು ಅವಳಿಗೆ ಮರೆತೇಹೋಗಿತ್ತು, ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನಾನು ಅವಸರದಲ್ಲಿ ಕೊಡಲಿ ಕೆಳಗಿಟ್ಟೆ.

ಬೇಸಿಗೆ ಬಂತು. ಮರದಲ್ಲಿ ಒಂದು ಹೂವೂ ಇಲ್ಲ. "ಹೆದರಿಸೋರು ಸರಿಯಾಗಿ ಹೆದರಿಸಿದ್ರೆ ತಾನೇ?" ಎಂದು ವನಜ ತಪ್ಪನ್ನು ನನ್ನ ತಲೆಗೇ ಕಟ್ಟಿದಳು. ಆದರೂ ಮಾತಿಗೆ ತಪ್ಪಲಿಲ್ಲ. "ಕರೆಸಿ" ಎಂದಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರ ಕಡಿಯುವ ಬಸಪ್ಪ ಬಂದ. ಬುಡದಲ್ಲೇ ನಿಂತು, ಮೇಲೆ ಕೆಳಗೆ ನೋಡಿ, ಬೀದಿಗೆಲ್ಲ ಕೇಳುವಂತೆ ಕೇಳಿದ: "ಇದನ್ನೇ ಏನ್ ಸಾರ್ ಕಡಿಯೋದು?"

"ಶ್! ಮೆಲ್ಲಗೆ ಮಾತಾಡು ಮಾರಾಯ" ಎಂದು ಅವನ ರಟ್ಟೆ ಹಿಡಿದು ಗೇಟಿನ ತನಕ ಎಳೆದುಕೊಂಡು ಹೋದೆ.

"ಯಾಕೆ ಸಾರ್, ಮೇಡಂ ಮಲಗಿದಾರಾ?"

ಏನು ಹೇಳಲಿ? ಮೇಡಂ ಎಚ್ಚರವಾಗಿಯೇ ಇದ್ದಳು. ನಾನು ಹೆದರಿದ್ದು ಯಾರ ಕಿವಿಗೆ ಎಂಬುದು ಆಗಲೇ ನನಗೂ ಹೊಳೆದದ್ದು. ಬಸಪ್ಪನಿಗೆ ಕಾಫಿ ಕುಡಿಸಿ ಕಳಿಸಿದೆ. ಕಾರು ಈಗಲೂ ಬಿಸಿಲಲ್ಲೇ ಒಣಗುತ್ತಿದೆ. ಹಿತ್ತಲಿಗೆ ಹೋದರೆ ಮಾತ್ರ ನಾನು ಆ ಮರವನ್ನು ನೇರವಾಗಿ ನೋಡುವುದಿಲ್ಲ. ಅವತ್ತು ಅದು ಎಷ್ಟು ಕೇಳಿಸಿಕೊಂಡಿತೋ ಏನೋ.